ಸ್ವಂತ ರಕ್ತದ ಸೂಜಿಮದ್ದು

ಡೆಂಗಿ ಜ್ವರ ಬಂದಾಗಷ್ಟೇ ನೆನಪಾಗುತ್ತಿದ್ದ ಪ್ಲೇಟ್‌ಲೆಟ್ ಈಗ ಓಟಗಾರರ ಬಾಯಲ್ಲೂ ಓಡಾಡುತ್ತಿದೆ. ಮೊಣಕಾಲು ನೋವೇ, ಪಿಆರ್‌ಪಿ (ಪ್ಲೇಟ್‌ಲೆಟ್ ರಿಚ್ ಪ್ಲಾಸ್ಮಾ) ಹಾಕಿಸು. ಕಣಕಾಲ ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕೇ, ಅದಕ್ಕೂ ಪಿಆರ್‌ಪಿ. ನಮ್ಮದೇ ತೋಳಿನ ರಕ್ತ ತೆಗೆದು, ಯಂತ್ರದಲ್ಲಿ ಗಿರಗಿರ ತಿರುಗಿಸಿ, ಪ್ಲೇಟ್‌ಲೆಟ್ ದಟ್ಟವಾಗಿರುವ ಪಾಲನ್ನು ನೋವಿದ್ದಲ್ಲಿಗೆ ಚುಚ್ಚುತ್ತಾರೆ. ಸ್ವಂತ ರಕ್ತವಲ್ಲವೇ, ಕೆಡುಕೇನು ಎಂಬ ಧೈರ್ಯ ಬೇರೆ! (ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ 2010ರಲ್ಲಿ ಇದನ್ನು ಸ್ನಾಯುವಿಗೆ ಚುಚ್ಚುವಂತಿಲ್ಲ ಎಂದಿತ್ತು, ಮರುವರ್ಷವೇ ನಿಷೇಧ ತೆಗೆಯಿತು.)

ಪಿಆರ್‌ಪಿಯನ್ನು ಮೂಳೆಗೆ ಹಾಕುವ ಗೊಬ್ಬರವೆಂದು ತಿಳಿಯುವುದರಲ್ಲೇ ಎಡವಟ್ಟಿದೆ. ಪ್ಲೇಟ್‌ಲೆಟ್‌ನೊಳಗಿನ ಪುಟ್ಟ ಚೀಲಗಳಲ್ಲಿ ಬೆಳವಣಿಗೆಗೆ ಇಂಬುಕೊಡುವ ಪ್ರೋಟೀನುಗಳಿರುವುದು ನಿಜ. ಆದರೆ ಮೂಳೆ ಕೂಡುವುದು ಅವುಗಳಿಂದಷ್ಟೇ ಅಲ್ಲ. ಮೂಳೆ ಮುರಿದೊಡನೆ ಅಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪಿನಿಂದ ಹೊರಟ ಸಂಕೇತಗಳಿಗೆ ಓಗೊಟ್ಟು ಬಿಳಿ ರಕ್ತಕಣಗಳು ಬರುತ್ತವೆ. ಮೊದಲು ನ್ಯೂಟ್ರೋಫಿಲ್, ಬೆನ್ನಿಗೇ ಮ್ಯಾಕ್ರೋಫೇಜ್. ನನ್ನನ್ನು ಬೆರಗುಗೊಳಿಸುವುದು ಈ ಮ್ಯಾಕ್ರೋಫೇಜ್. ಆರಂಭದ ದಿನಗಳಲ್ಲಿ ಉರಿಯೂತ ಎಬ್ಬಿಸಿ, ಸತ್ತ ಕೋಶಗಳನ್ನು, ಚೂರುಪಾರನ್ನು ನುಂಗಿ ಜಾಗ ಚೊಕ್ಕಟ ಮಾಡುತ್ತದೆ. ಆಮೇಲೆ ಸ್ವಭಾವವನ್ನೇ ಬದಲಿಸಿ ದುರಸ್ತಿಗೆ ನಿಲ್ಲುತ್ತದೆ; ಹೊಸ ರಕ್ತನಾಳಗಳನ್ನೂ ಮೂಳೆ ಕಟ್ಟುವ ಕೋಶಗಳನ್ನೂ ಹುರಿದುಂಬಿಸುತ್ತದೆ. ಮೊದಲಿನ ಉರಿಯೂತವಿಲ್ಲದೆ ದುರಸ್ತಿ ಶುರುವಾಗದು, ಉರಿಯೂತ ಆರದೇ ಎಳೆದಾಡಿದರೂ ಮೂಳೆ ಸರಿಯಾಗಿ ಕೂಡದು. ಪ್ಲೇಟ್‌ಲೆಟ್ ಸಾರ ಮ್ಯಾಕ್ರೋಫೇಜ್‌ಗಳನ್ನು ದುರಸ್ತಿಯ ಕಡೆಗೆ ವಾಲಿಸಿದ್ದು ಪ್ರಯೋಗಾಲಯದಲ್ಲಿ ಕಂಡಿದೆ. ಕಾಲಿನ ಮೂಳೆ ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲವಲ್ಲ.

ದಂತವೈದ್ಯರು ಈ ದಾರಿಯಲ್ಲಿ ಬಹಳ ಮುಂದಿದ್ದಾರೆ. 1998ರಲ್ಲಿ ಅಮೆರಿಕದ ರಾಬರ್ಟ್ ಮಾರ್ಕ್ಸ್, ದವಡೆಗೆ ಕಸಿ ಮಾಡುವ ಮೂಳೆಗೆ ಪಿಆರ್‌ಪಿ ಬೆರೆಸಿದರೆ ಅದು ಬೇಗ ಬಲಿಯುತ್ತದೆಂದು ವರದಿ ಮಾಡಿದರು. 2001ರಲ್ಲಿ ಫ್ರಾನ್ಸಿನ ಜೋಸೆಫ್ ಶುಕ್ರೂನ್, ರಕ್ತ ಹೆಪ್ಪುಗಟ್ಟುವುದನ್ನು ತಡೆಯಲು ಪಿಆರ್‌ಪಿಯಲ್ಲಿ ಬಳಸುವ ಔಷಧವನ್ನೇ ಕೈಬಿಟ್ಟು, ಬಿಳಿಕಣಗಳನ್ನೂ ಹಿಡಿದಿಟ್ಟುಕೊಂಡ ಫೈಬ್ರಿನ್ (ಹೆಪ್ಪಿನ ನಾರು) ಗಟ್ಟಿಯನ್ನು ತಯಾರಿಸಿದರು. ಹಲ್ಲು ಕಿತ್ತ ಗುಳಿಗೆ ಇಡುವ ಪಿಆರ್‌ಎಫ್ (ಪ್ಲೇಟ್‌ಲೆಟ್ ರಿಚ್ ಫೈಬ್ರಿನ್) ಅದೇ. ಪಿಆರ್‌ಪಿಯಲ್ಲಿ ಮಾತ್ರ ಒಬ್ಬರು ಬಿಳಿಕಣ ಉಳಿಸುತ್ತಾರೆ, ಇನ್ನೊಬ್ಬರು ತೆಗೆಯುತ್ತಾರೆ. ಹೆಸರು ಒಂದೇ, ಒಳಗಿನ ಸರಕು ಬೇರೆ.

ಓಟಗಾರರ ಕಾಲಿನ ವಿಷಯದಲ್ಲಿ ಪುರಾವೆ ತೆಳ್ಳಗಾಗುತ್ತದೆ. ಕಾಲಿನಂಥ ಉದ್ದ ಮೂಳೆಗಳು ಕೂಡುವ ಬಗ್ಗೆ ನಡೆದ ಪ್ರಯೋಗಗಳನ್ನೆಲ್ಲ ಹುಡುಕಿದ 2012ರ ಕಾಕ್ರೇನ್ ವೈದ್ಯಕೀಯ ವಿಮರ್ಶೆಗೆ ದಕ್ಕಿದ್ದು 21 ಮಂದಿಯ ಒಂದೇ ಒಂದು ಪ್ರಯೋಗ. ಮೊಣಕಾಲಿನ ಸವಕಳಿಯಿದ್ದ 288 ಜನರ ಮೇಲೆ ಆಸ್ಟ್ರೇಲಿಯಾದಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಪಿಆರ್‌ಪಿಗೂ ಬರೀ ಉಪ್ಪುನೀರಿನ ಸೂಜಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಬಿರುಕು ಬಿಟ್ಟ ಮೂಳೆಗೆ ಓಟ ನಿಲ್ಲಿಸುವುದೇ ಇವತ್ತಿಗೂ ಮೊದಲ ಮದ್ದು. ಆದರೂ ಸೂಜಿ ಹಾಕಿಸಿಕೊಳ್ಳುವುದಾದರೆ ವೈದ್ಯರನ್ನು ಎರಡು ಪ್ರಶ್ನೆ ಕೇಳಿ: ಪ್ಲೇಟ್‌ಲೆಟ್ ಎಷ್ಟು ಪಟ್ಟು ದಟ್ಟವಾಗಿದೆ? ಬಿಳಿಕಣ ಉಳಿಸಿದ್ದೀರೋ, ತೆಗೆದಿದ್ದೀರೋ? ಆಸ್ಪಿರಿನ್ ಅಥವಾ ನೋವಿನ ಮಾತ್ರೆ ನುಂಗುತ್ತಿದ್ದರೆ ಅದನ್ನೂ ಮುಚ್ಚಿಡದೆ ಹೇಳಿ.