ಪೆನ್ಸಿಲಿನ ಗಟ್ಟಿ, ರಸ್ತೆಯ ಮರಳು

ಆಯುಧ ಪೂಜೆ ಹತ್ತಿರ ಬಂತು. ಬಾನೆಟ್ ಮೇಲಿನ ಅರಿಶಿನ, ಕುಂಕುಮದ ಕಲೆ ತೆಗೆಯುವುದು ಹೇಗೆಂದು ಈ ವಾರ ಬರೆಯುವುದಾಗಿ ಮಾತು ಕೊಟ್ಟಿದ್ದೆ. ಚಿಕ್ಕದಾಗಿ ಹೇಳಿಬಿಡುತ್ತೇನೆ. ಹಚ್ಚುವ ಜಾಗಕ್ಕೆ ಹಿಂದಿನ ದಿನವೇ ವ್ಯಾಕ್ಸ್ ಹಾಕಿಡಿ. ಪೂಜೆಯ ದಿನ ಸಂಜೆಯೇ ಒದ್ದೆ ಬಟ್ಟೆಯಲ್ಲಿ, ಒತ್ತದೆ ತೆಗೆಯಿರಿ. ಹಳದಿ ಉಳಿದರೆ ತಿಕ್ಕಬೇಡಿ, ಬಿಸಿಲಿಗೆ ನಿಲ್ಲಿಸಿ. ಅರಿಶಿನದ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ.

ಉಳಿದ ಜಾಗವೆಲ್ಲ 9ಎಚ್‌ಗೆ. ಹಬ್ಬದ ರಿಯಾಯಿತಿಯ ಕರಪತ್ರಗಳು ಮತ್ತೆ ಶುರುವಾಗಿವೆ. ಸಿರಾಮಿಕ್ ಕೋಟಿಂಗ್ ಮಾಡಿಸಿ, 9ಎಚ್ ಗಟ್ಟಿತನ, ಇನ್ನು ಗೀರು ಬೀಳುವುದಿಲ್ಲ ಎಂಬ ಭರವಸೆ. ಅದನ್ನು ನಂಬಿ ದೊಡ್ಡ ಮೊತ್ತ ಕೊಟ್ಟವರು ಆರು ತಿಂಗಳ ನಂತರ ಕಪ್ಪು ಕಾರು ತಂದು ಬಿಸಿಲಲ್ಲಿ ನಿಲ್ಲಿಸುತ್ತಾರೆ. ಮೈತುಂಬ ಜೇಡರ ಬಲೆಯಂಥ ಸಣ್ಣ ಗೀರು. ಮಾತಾಡಲು ಬೇಸರವಾಗುತ್ತದೆ.

9ಎಚ್ ಎಂಬುದು ಪೆನ್ಸಿಲಿನ ದರ್ಜೆ. ಶಾಲೆಯ ಎಚ್‌ಬಿ, ಡ್ರಾಯಿಂಗ್ ಮೇಷ್ಟ್ರ 2ಬಿ ಇರುವ ಸಾಲಿನಲ್ಲೇ ಗಟ್ಟಿ ತುದಿಯಲ್ಲಿರುವುದು. ಬಣ್ಣದ ಗಟ್ಟಿತನವನ್ನು ಪೆನ್ಸಿಲಿನಿಂದ ಅಳೆಯುವ ವಿಧಾನವನ್ನು ಅಮೆರಿಕದ ಎಎಸ್‌ಟಿಎಂ ಸಂಸ್ಥೆ ಡಿ3363 ಎಂಬ ಹೆಸರಿನಲ್ಲಿ ಬರೆದಿಟ್ಟಿದೆ. ನಮ್ಮ ಕೆಲಸಕ್ಕೆ ಸಂಬಂಧಿಸಿದ ಬರಹಗಳಲ್ಲಿ ನನಗೆ ತುಂಬ ಇಷ್ಟವಾದದ್ದು ಅದು. ಪೆನ್ಸಿಲಿನ ಮರ ಕೆತ್ತಿ ಕಡ್ಡಿಗೆ ಪೆಟ್ಟಾಗದಂತೆ ಹೊರತೆಗೆಯಬೇಕು. ನಂತರ 400 ನಂಬರಿನ ಉಜ್ಜುಕಾಗದದ ಮೇಲೆ ನೆಟ್ಟಗೆ ಹಿಡಿದು, ತುದಿ ಚಪ್ಪಟೆಯಾಗಿ ಅಂಚು ಚೂಪಾಗುವವರೆಗೆ ತಿಕ್ಕಬೇಕು. ಬಣ್ಣದ ಮೇಲೆ 45 ಡಿಗ್ರಿ ಓರೆಯಾಗಿಟ್ಟು ನಮ್ಮಿಂದ ಆಚೆಗೆ ತಳ್ಳಬೇಕು. ಎಲ್ಲಕ್ಕಿಂತ ಗಟ್ಟಿ ಪೆನ್ಸಿಲಿನಿಂದ ಶುರುಮಾಡಿ ಒಂದೊಂದೇ ಮೆಟ್ಟಿಲು ಇಳಿಯಬೇಕು. ಬಣ್ಣವನ್ನು ಸೀಳದೆ ಬಿಟ್ಟ ಮೊದಲ ಪೆನ್ಸಿಲ್ ಯಾವುದೋ ಅದೇ ಆ ಬಣ್ಣದ ಗಟ್ಟಿತನ. ಎಷ್ಟು ಪ್ರಾಮಾಣಿಕವಾದ ಪರೀಕ್ಷೆ! ಆ ವಿಧಾನದ ಪೆನ್ಸಿಲ್ ಸಾಲು 6ಎಚ್‌ಗೇ ಮುಗಿಯುತ್ತದೆ. 9ಎಚ್‌ವರೆಗೆ ಹೋಗುವುದು ಐಎಸ್‌ಒ 15184ರ ಸಾಲು.

ಪೆನ್ಸಿಲ್ ಕಡ್ಡಿ ಎಂದರೆ ಗ್ರಾಫೈಟ್‌ಗೆ ಜೇಡಿಮಣ್ಣು ಕಲಸಿ ಸುಟ್ಟದ್ದು. ನಮ್ಮ ರಸ್ತೆಯ ದೂಳಿನಲ್ಲಿ ಇರುವುದಾದರೂ ಏನು? ಲಾಲ್‌ಬಾಗ್ ಬಂಡೆಯ ಜಾತಿಯ ಕಲ್ಲು ಸವೆದು ಆದ ಮಣ್ಣು, ಕ್ವಾರಿಯ ಎಂ-ಸ್ಯಾಂಡ್ ಪುಡಿ. ಎರಡರಲ್ಲೂ ಬೆಣಚು ಇದೆ. ಖನಿಜಗಳ ಗಟ್ಟಿತನ ಅಳೆಯುವ ಮೋಸ್ ಮಾಪಕದಲ್ಲಿ ಬೆಣಚಿಗೆ 7, ಗ್ರಾಫೈಟ್‌ಗೆ 1ರಿಂದ 2. ಪೆನ್ಸಿಲಿಗೆ ಬಗ್ಗದ ಪದರ ಮರಳಿಗೂ ಬಗ್ಗದು ಎನ್ನಲು ಯಾವ ಆಧಾರವೂ ಇಲ್ಲ. ಆ ಪದರವಾದರೂ ಒಂದೆರಡು ಮೈಕ್ರಾನ್ ದಾಟುವುದು ಅಪರೂಪ. ಅದರ ಕೆಳಗೆ ಬಣ್ಣವನ್ನು ಕಾಯುವ ಪಾರದರ್ಶಕ ಪದರ, ಕ್ಲಿಯರ್ ಕೋಟ್, 40, 50 ಮೈಕ್ರಾನ್, ತಲೆಗೂದಲಿಗಿಂತ ತೆಳು. ಗೀರು ತೆಗೆಯಲೆಂದು ಅದನ್ನು ಕಾಂಪೌಂಡ್ ಹಾಕಿ ಮತ್ತೆ ಮತ್ತೆ ಉಜ್ಜಿದರೆ ಬಿಸಿಲು ತಡೆಯಲು ಏನುಳಿದೀತು?

ಕೋಟಿಂಗಿಗೂ ಅದರದೇ ಗುಣವಿದೆ. ನೀರು ಮುತ್ತಾಗಿ ಜಾರುತ್ತದೆ, ಕೊಳೆ ಬೇಗ ಬಿಡುತ್ತದೆ, ಹಕ್ಕಿ ಹಿಕ್ಕೆ ತೊಳೆಯಲು ಸ್ವಲ್ಪ ಸಮಯ ಸಿಗುತ್ತದೆ. ಆದರೆ ಆ ಮುತ್ತು ಬೋರ್‌ವೆಲ್ ನೀರಿನದಾಗಿದ್ದು ಬಿಸಿಲಲ್ಲೇ ಒಣಗಿತೆಂದರೆ ಪ್ರತಿ ಹನಿಯೂ ಸುಣ್ಣದ ಉಂಗುರ ಬಿಟ್ಟು ಹೋಗುತ್ತದೆ.

ಗೀರು ಬೀಳುವುದು ತೊಳೆಯುವಾಗ, ಒರೆಸುವಾಗ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಬೆಳಗಿನ ಜಾವ ಬೇಸ್‌ಮೆಂಟಿಗೆ ಇಳಿದು ನೋಡಿ. ಒಂದು ಬಕೆಟ್, ಒಂದು ಬಟ್ಟೆ, ಸಾಲಾಗಿ ಕಾರುಗಳು. ಮೊದಲ ಕಾರಿನ ಮರಳು ಹತ್ತನೆಯ ಕಾರಿನ ಬಾಗಿಲಿಗೆ ಹೋಗಿ ಸೇರುತ್ತದೆ. ಒರೆಸುವ ಹುಡುಗರನ್ನು ಬೈಯುವವರ ಜೊತೆ ನಾನಿಲ್ಲ. ತಿಂಗಳಿಗೆ ಕೆಲವು ನೂರು ರೂಪಾಯಿ ಕೊಟ್ಟು ದಿನವೂ ಹೊಳೆಯಬೇಕೆಂದು ಕೇಳುವವರು ನಾವು. ಆ ಹುಡುಗರಲ್ಲಿ ಒಳ್ಳೆಯ ಕೈಯವರಿದ್ದಾರೆ. "ಸಾರ್, ಮಷೀನ್ ಯಾವುದು ತಗೊಳ್ಲಿ?" ಎಂದು ಕೇಳುತ್ತಾರೆ. ಭಾನುವಾರಕ್ಕೊಂದು ಪಾಲಿಶ್ ಕೆಲಸ ಹಿಡಿಯುವ ಆಸೆ. ಮಷೀನ್ ಆಮೇಲೆ ತಗೊಳ್ಳಪ್ಪ, ಮೊದಲು ಟವೆಲ್ ತಗೋ ಎನ್ನುತ್ತೇನೆ. ರೋಟರಿ ಪಾಲಿಶ್ ಮಷೀನ್ ಕೈಗೆ ಬಂದ ಮೊದಲ ವಾರವೇ ಬಾಗಿಲಂಚಿನ ಬಣ್ಣ ಸುಟ್ಟುಕೊಂಡರೆ ಆ ನಷ್ಟ ತುಂಬುವವರು ಯಾರು?

ನೀರು ಹೆಚ್ಚು ಬೇಡದ, ಮತ್ತೆ ಜಾಲಿಸಬೇಕಿಲ್ಲದ ತೊಳೆತವನ್ನು ಅವರಿಗೆ ಕಲಿಸಬೇಕು. 2024ರ ಮಾರ್ಚಿನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಎಂದಾಗ ಈ ವಿದ್ಯೆ ಊರೆಲ್ಲ ಹರಡುತ್ತದೆಂದು ಆಸೆಪಟ್ಟಿದ್ದೆ. ಮಳೆ ಬಂತು, ಪೈಪು ಮತ್ತೆ ಹೊರಬಂತು. ಆಪ್ಟಿಮಮ್ ನೋ ರಿನ್ಸ್‌ನಂಥ ದ್ರಾವಣ 30 ಮಿಲಿ, ನೀರು ಏಳೆಂಟು ಲೀಟರ್. ಅದರೊಳಗಿನ ಪಾಲಿಮರ್ ಮರಳಿನ ಕಣವನ್ನು ಸುತ್ತುವರಿದು ಬಣ್ಣದಿಂದ ಎತ್ತಿಕೊಳ್ಳುತ್ತದೆ. ಮೊದಲು ಅದನ್ನೇ ಸಿಂಪಡಿಸಿ ಒಂದೆರಡು ನಿಮಿಷ ನೆನೆಯಲು ಬಿಡಬೇಕು. ಮೈಕ್ರೋಫೈಬರ್ ಟವೆಲ್ ನಾಲ್ಕು ಮಡಿಕೆ ಮಾಡಿದರೆ ಎಂಟು ಮುಖ. ಒಂದು ಭಾಗಕ್ಕೆ ಒಂದು ಮುಖ. ಮೇಲಿನಿಂದ ಕೆಳಕ್ಕೆ, ನೇರ ಗೆರೆಯಲ್ಲಿ, ಟವೆಲಿನ ಭಾರವೇ ಸಾಕು. ಬಾಗಿಲ ಕೆಳಗಿನ ಪಟ್ಟಿ ಕೊನೆಗೆ. ಮುಖ ಮುಗಿದ ಟವೆಲ್ ಮತ್ತೆ ಬಕೆಟ್ಟಿಗೆ ಇಳಿಯಬಾರದು. ಮೈತುಂಬ ಕೆಸರಿರುವ ಗಾಡಿಗೆ ಇದು ಸಲ್ಲದು, ಅದಕ್ಕೆ ವಾಟರ್ ಸರ್ವಿಸ್ಸೇ ಆಗಬೇಕು. ಅಲ್ಲಿಯೂ ಕೊನೆಗೆ ತಳಕ್ಕೆ ಡೀಸೆಲ್ ಹೊಡೆಯಲು ಬಿಡಬೇಡಿ, ರಬ್ಬರ್ ಬುಷ್‌ಗಳು ಹಾಳಾಗುತ್ತವೆ.

ಹಬ್ಬಕ್ಕೆ ಲಾರಿ ಕೆಲಸ ಒಪ್ಪಿಕೊಂಡಿರುವ ಹುಡುಗರಿಗೆ ಒಂದು ಮಾತು. ಬಾಡಿ ಕಟ್ಟುವ ಶೆಡ್ಡಿನಲ್ಲಿ ಎನಾಮೆಲ್ ಬಳಿದ ಲಾರಿಗೆ ಕ್ಲಿಯರ್ ಕೋಟ್ ಇರುವುದಿಲ್ಲ. ಉಜ್ಜಿದರೆ ಪ್ಯಾಡಿಗೆ ಕೆಂಪೋ ಹಸಿರೋ ಹತ್ತುತ್ತದೆ. ಹೆದರಬೇಡಿ, ಸತ್ತ ಬಣ್ಣ ಬಿಡುತ್ತಿದೆ ಅಷ್ಟೆ. ಪ್ಯಾಡಿನ ಬಣ್ಣ ಗಾಢವಾದ ಕೂಡಲೇ ನಿಲ್ಲಿಸಿ. ಅಂಥ ಬಣ್ಣಕ್ಕೆ ಬ್ರೆಜಿಲಿನ ತಾಳೆ ಜಾತಿಯ ಮರದೆಲೆಯಿಂದ ತೆಗೆದ ಕಾರ್ನೌಬಾ ವ್ಯಾಕ್ಸ್ ಒಪ್ಪುವಷ್ಟು ಬೇರೆ ಯಾವುದೂ ಒಪ್ಪುವುದಿಲ್ಲ. ಕೆಂಪಿಗೆ ಆಳ ಬರುತ್ತದೆ. ಹಿಂದಿನ ಹಲಗೆಯಲ್ಲಿ 'ತಾಯಿಯ ಆಶೀರ್ವಾದ' ಎಂದು ಪೇಂಟರ್ ಕುಂಚದಲ್ಲಿ ಬರೆದ ಅಕ್ಷರಗಳ ಮೇಲೆ ಮಾತ್ರ ಮಷೀನ್ ಇಡಲೇಬೇಡಿ. ಅಲ್ಲಿ ಕೈಯಲ್ಲೇ, ತೆಳ್ಳಗೆ ವ್ಯಾಕ್ಸ್ ಸವರಿ ಬಿಡಿ.