ಅರ್ಥವಾಗದವಳು ಬರೆದ ಪುಸ್ತಕ

ವಿಜ್ಞಾನಿಗಳಿಗೆ ಮಾತನಾಡಲು ಕಲಿಸುವ ಶಿಬಿರಗಳು ಈಗ ಹಲವು ದೇಶಗಳಲ್ಲಿ ನಡೆಯುತ್ತವೆ. ವರ್ಷಗಟ್ಟಲೆ ಮಾಡಿದ ಸಂಶೋಧನೆಯನ್ನು ಮೂರೇ ನಿಮಿಷದಲ್ಲಿ ಹೇಳಿ ಮುಗಿಸುವ ಸ್ಪರ್ಧೆಯೊಂದು 2008ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡ್ ವಿಶ್ವವಿದ್ಯಾಲಯದಲ್ಲಿ ಶುರುವಾಗಿ ದೇಶವಿದೇಶಗಳಿಗೆ ಹಬ್ಬಿದೆ. ಒಳ್ಳೆಯದೇ. ಆದರೆ ಮಾತು ಚೆನ್ನಾಗಿದ್ದ ಮಾತ್ರಕ್ಕೆ ಕೇಳುವವರಿಗೆ ವಿಷಯ ತಿಳಿಯುತ್ತದೆಯೇ? ಇನ್ನೂರು ವರ್ಷಗಳ ಹಿಂದೆಯೇ ಒಬ್ಬ ಹೆಣ್ಣುಮಗಳು ಈ ಪ್ರಶ್ನೆಯನ್ನು ಎದುರಿಸಿದ್ದಳು.

ಆಗ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಹಂಫ್ರಿ ಡೇವಿಯ ರಸಾಯನಶಾಸ್ತ್ರದ ಉಪನ್ಯಾಸಗಳಿಗೆ ಜನ ಕಿಕ್ಕಿರಿಯುತ್ತಿದ್ದರು. ಡೇವಿ ಮಾತಿನ ಮಲ್ಲ. ಹೆಂಗಸರೂ ಬಹಳ ಮಂದಿ ಬರುತ್ತಿದ್ದರು. ಅವರಲ್ಲಿ ವೈದ್ಯನೊಬ್ಬನ ಹೆಂಡತಿ ಜೇನ್ ಮಾರ್ಸೆಟ್ ಒಬ್ಬಳು. ಮೊದಲು ಇಂಥ ಉಪನ್ಯಾಸಗಳಿಗೆ ಹೋದಾಗ, ಸರಸರನೆ ಮುಗಿದುಹೋಗುವ ಪ್ರಯೋಗಗಳಿಂದ ತನಗೆ ಏನೂ ಸ್ಪಷ್ಟವಾಗಲಿಲ್ಲವೆಂದು ಆಕೆ ಬರೆದಿದ್ದಾಳೆ. ಆಮೇಲೆ ಸ್ನೇಹಿತರೊಬ್ಬರೊಡನೆ ಬಿಡುವಾಗಿ ಮಾತಾಡಿ, ಪ್ರಯೋಗಗಳನ್ನು ಮತ್ತೆ ಮಾಡಿ ನೋಡಿದಳು. ಆ ಬಳಿಕ ಡೇವಿಯ ಸಭೆಯಲ್ಲಿ ಕೂತಾಗ ಉಳಿದವರಿಗಿಂತ ತನಗೇ ಹೆಚ್ಚು ತಿಳಿಯುತ್ತಿದೆ ಎಂದು ಕಂಡಿತು. ಹಾಗಾದರೆ ಆ ಮಾತುಕತೆಯನ್ನೇ ಪುಸ್ತಕ ಮಾಡಿದರೆ?

1806ರ ಹೊತ್ತಿಗೆ ಹೊರಬಂದ ‘ಕಾನ್ವರ್ಸೇಷನ್ಸ್ ಆನ್ ಕೆಮಿಸ್ಟ್ರಿ’ಯಲ್ಲಿ ಪಾಠ ಹೇಳುವವಳು ಮಿಸೆಸ್ ಬಿ.; ಕೇಳುವವರು ಎಮಿಲಿ ಮತ್ತು ಕ್ಯಾರೊಲೈನ್ ಎಂಬ ಇಬ್ಬರು ಹುಡುಗಿಯರು. ಎಮಿಲಿ ಗಂಭೀರೆ. ಕ್ಯಾರೊಲೈನ್ ಮಾತ್ರ, ಇಂಥ ಚಿಲ್ಲರೆ ವಿವರಗಳ ಶಾಸ್ತ್ರದಲ್ಲಿ ತನಗೆ ಆಸಕ್ತಿಯಿಲ್ಲವೆಂದು ಮೊದಲಿಗೇ ಮೂಗು ಮುರಿಯುತ್ತಾಳೆ. ನನ್ನ ಮಟ್ಟಿಗೆ ಪುಸ್ತಕದ ಜೀವ ಈ ಹುಡುಗಿಯೇ. ಅವಳು ಅಡ್ಡ ಬಾಯಿ ಹಾಕಿದ ಕಡೆಯಲ್ಲೆಲ್ಲ ವಿವರಣೆ ತಿಳಿಯಾಗುತ್ತದೆ. ಕೊರತೆಗಳೂ ಇವೆ. ಮಿಸೆಸ್ ಬಿ. ತಬ್ಬಿಬ್ಬಾಗುವುದು ಕಡಿಮೆ. ಕೆಲವು ಕಡೆ ಹುಡುಗಿಯರು ಗುರುವಿಗೆ ಅನುಕೂಲವಾದ ಪ್ರಶ್ನೆಯನ್ನೇ ಕೇಳುತ್ತಾರೆ. ಎಲ್ಲಕ್ಕಿಂತ ನೋಯಿಸುವುದು ಮುನ್ನುಡಿ: ಹೆಂಗಸಾಗಿ ವಿಜ್ಞಾನ ಬರೆಯುತ್ತಿರುವುದಕ್ಕೆ ಆಕೆ ಕ್ಷಮೆ ಕೇಳುತ್ತಾಳೆ. ಹಲವು ಮುದ್ರಣಗಳಾದರೂ ಪುಸ್ತಕದ ಮೇಲೆ ಆಕೆಯ ಹೆಸರಿರಲಿಲ್ಲ.

ಆ ಪುಸ್ತಕ ಬೈಂಡಿಂಗ್ ಕೆಲಸ ಕಲಿಯುತ್ತಿದ್ದ ಒಬ್ಬ ಬಡ ಹುಡುಗನ ಕೈಗೆ ಸಿಕ್ಕಿತು. ಅವನೇ ಮೈಕೇಲ್ ಫ್ಯಾರಡೆ, ಕಮ್ಮಾರನ ಮಗ. ಮುಂದೆ ಅದೇ ರಾಯಲ್ ಇನ್‌ಸ್ಟಿಟ್ಯೂಷನ್‌ನ ದೊಡ್ಡ ವಿಜ್ಞಾನಿಯಾದಾಗಲೂ ಆಕೆಯ ಋಣವನ್ನು ಅವನು ಮರೆಯಲಿಲ್ಲ.

ಫ್ಯಾರಡೆಗೆ ಭಾಷಣಕಲೆ ಹುಟ್ಟಿನಿಂದ ಬಂದದ್ದಲ್ಲ. ಬೆಂಜಮಿನ್ ಸ್ಮಾರ್ಟ್ ಎಂಬಾತನ ಬಳಿ ಮಾತಿನ ಪಾಠ ಹೇಳಿಸಿಕೊಂಡ. ವೇಗ ಹೆಚ್ಚಿದರೆ ಎಚ್ಚರಿಸಲೆಂದು ‘ನಿಧಾನ’ ಎಂದು ಬರೆದ ಕಾರ್ಡನ್ನು ಎದುರಿಗೆ ಇರಿಸಿಕೊಳ್ಳುತ್ತಿದ್ದ. ಆದರೆ 1860–61ರ ಕ್ರಿಸ್‌ಮಸ್ ರಜೆಯಲ್ಲಿ ಮಕ್ಕಳಿಗಾಗಿ ಮೇಣದಬತ್ತಿಯ ಮೇಲೆ ಕೊಟ್ಟ ಆರು ಉಪನ್ಯಾಸಗಳನ್ನು ಓದಿದರೆ ಅದರ ಸೊಗಸು ಬರೀ ಮಾತಿನದಲ್ಲ ಎಂದು ತಿಳಿಯುತ್ತದೆ. ಕರಗಿದ ಮೇಣ ಬತ್ತಿಯ ತುದಿಗೆ ಏರುವುದು ಹೇಗೆ? ಉಪ್ಪಿನ ಕಂಬವೊಂದು ನೀಲಿ ದ್ರವವನ್ನು ಮೇಲಕ್ಕೆ ಹೀರಿಕೊಳ್ಳುವುದನ್ನು ತೋರಿಸುತ್ತಾನೆ. ಉರಿಯುವುದು ಮೇಣವೋ ಅದರ ಆವಿಯೋ? ಜ್ವಾಲೆಯ ನಡುವಿನ ಆವಿಯನ್ನು ಗಾಜಿನ ಕೊಳವೆಯಲ್ಲಿ ಹೊರತಂದು ಅದರ ತುದಿಗೆ ಕಿಡಿ ಮುಟ್ಟಿಸುತ್ತಾನೆ. ಹೀಗೆ ನಡೆಸಿಕೊಂಡು ಹೋಗಿ, ನಮ್ಮ ಉಸಿರಾಟವೂ ಒಂದು ಬಗೆಯ ಉರಿಯುವಿಕೆಯೇ ಎಂಬಲ್ಲಿಗೆ ಮುಟ್ಟಿಸುತ್ತಾನೆ. ಹೆಜ್ಜೆಹೆಜ್ಜೆಗೂ ಕ್ಯಾರೊಲೈನ್ ಎದುರಿಗೆ ಕೂತು ‘ಅದು ಹೇಗೆ?’ ಎನ್ನುತ್ತಿರುವಂತಿದೆ. ನಾಲಿಗೆಯನ್ನು ಪಳಗಿಸಿದವನು ಸ್ಮಾರ್ಟ್; ಕಿವಿಯನ್ನು ಪಳಗಿಸಿದವಳು ಮಾರ್ಸೆಟ್ ಎಂದೇ ನನಗೆ ತೋರುತ್ತದೆ.

ಅಮೆರಿಕದ ನಟ ಆಲನ್ ಆಲ್ಡಾ ಹನ್ನೊಂದು ವರ್ಷದ ಹುಡುಗನಾಗಿದ್ದಾಗ ಜ್ವಾಲೆ ಎಂದರೇನೆಂದು ಟೀಚರನ್ನು ಕೇಳಿದ. ಬಂದ ಉತ್ತರ ಒಂದೇ ಶಬ್ದ: ಆಕ್ಸಿಡೇಷನ್. ವಿಜ್ಞಾನಿಗಳಿಗೆ ಮಾತು ಕಲಿಸುವ ಕೇಂದ್ರವೊಂದು 2009ರಲ್ಲಿ ನ್ಯೂಯಾರ್ಕ್ ರಾಜ್ಯದ ಸ್ಟೋನಿ ಬ್ರೂಕ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದಾಗ ಅದರ ಹಿಂದೆ ಇದ್ದವನು ಇದೇ ಆಲ್ಡಾ. 2012ರಲ್ಲಿ ಅದೇ ಜ್ವಾಲೆಯ ಪ್ರಶ್ನೆಯನ್ನು ವಿಜ್ಞಾನಿಗಳ ಮುಂದಿಟ್ಟು, ಹನ್ನೊಂದು ವರ್ಷದ ಮಕ್ಕಳನ್ನೇ ತೀರ್ಪುಗಾರರನ್ನಾಗಿ ಮಾಡಿದರು. ನನಗೆ ಮೆಚ್ಚಿಗೆಯಾದದ್ದು ಇದು. ಅರ್ಥವಾಯಿತೋ ಇಲ್ಲವೋ ಎಂದು ಹೇಳಬೇಕಾದವರು ಕೇಳಿದವರೇ ಅಲ್ಲವೇ?

ಇದು ಬರೀ ಸಭೆಯ ಶೋಭೆಯ ಮಾತಲ್ಲ. ನಮ್ಮೂರಿನ ಮಹಿಳಾ ಸಮಾಜದಲ್ಲಿ ಒಮ್ಮೆ ಡಾಕ್ಟರೊಬ್ಬರು ರಕ್ತಹೀನತೆಯ ಬಗ್ಗೆ ಮಾತನಾಡಿದರು. ಒಳ್ಳೆಯ ವಾಗ್ಮಿ, ನಾವೆಲ್ಲ ನಕ್ಕೆವು, ಚಪ್ಪಾಳೆ ತಟ್ಟಿದೆವು. ಹಿಂದಿನ ಸಾಲಿನಲ್ಲಿದ್ದ ಅಜ್ಜಿಯೊಬ್ಬರು ಎದ್ದು, “ಸೊಪ್ಪಿನ ಸಾರು ಉಂಡ ಕೂಡಲೇ ಕಾಫಿ ಕುಡಿಯಬಹುದಾ ಡಾಕ್ಟ್ರೇ?” ಎಂದರು. ಡಾಕ್ಟರು ನಕ್ಕು ಮುಂದೆ ಹೋದರು. ಆ ಸಂಜೆ ಕೇಳಿದ ಅತ್ಯುತ್ತಮ ಪ್ರಶ್ನೆ ಅದೇ ಆಗಿತ್ತು. ಊಟದ ಜತೆಗೋ ಊಟವಾದ ಕೂಡಲೋ ಕಾಫಿ, ಟೀ ಕುಡಿದರೆ ಸೊಪ್ಪು ಕಾಳುಗಳಲ್ಲಿನ ಕಬ್ಬಿಣ ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ನಿಂಬೆರಸ ಹಿಂಡಿಕೊಂಡರೆ ಹೆಚ್ಚುತ್ತದೆ. ಅಲ್ಲಿ ಕೂತಿದ್ದ ಎಷ್ಟೋ ಬಾಣಂತಿಯರಿಗೆ, ಬೆಳೆಯುವ ಹುಡುಗಿಯರ ತಾಯಂದಿರಿಗೆ ಬೇಕಿದ್ದ ಮಾತು ಅದು.

ನಮ್ಮಲ್ಲಿ ಅರ್ಥವಾಗದವಳು ಸಾಮಾನ್ಯವಾಗಿ ‘ನನಗೆಲ್ಲಿ ತಿಳೀಬೇಕು’ ಎಂದು ಸುಮ್ಮನಾಗುತ್ತಾಳೆ. ಮಾರ್ಸೆಟ್ ಸುಮ್ಮನಾಗಲಿಲ್ಲ. ಕಲಿಸುವವರು ಶಿಬಿರಗಳಲ್ಲಿ ಬೇಕಾದಷ್ಟು ಮಾತು ಕಲಿಯಲಿ. ಕೇಳಲು ಹೋದ ನಾವು ಮಾತ್ರ, ತಿಳಿಯದಿದ್ದಲ್ಲಿ ಎದ್ದು ನಿಂತು “ಅದನ್ನು ಇನ್ನೊಂದು ಸಲ ಹೇಳಿ” ಎನ್ನುವುದಕ್ಕೆ ನಾಚಬೇಕಾಗಿಲ್ಲ.