ಮೂರು ದೀಪಗಳ ಶಿಸ್ತು

1924ರಲ್ಲಿ ಕ್ಯಾಲಿಫೋರ್ನಿಯಾದ ಸಾಂತಾ ಆನಾ ಪಟ್ಟಣದಲ್ಲಿ ರಾಲ್ಫ್ ಸ್ಮೆಡ್ಲಿ ಆರಂಭಿಸಿದ, ಇಂದು ಬೆಂಗಳೂರಿನ ಐಟಿ ಕಂಪನಿಗಳವರೆಗೂ ಹಬ್ಬಿರುವ ಟೋಸ್ಟ್‌ಮಾಸ್ಟರ್ಸ್ ಕೂಟವು, ಭಾಷಣವನ್ನು ಹುಟ್ಟುಗುಣವೆಂದು ಭಾವಿಸದೆ ತಿದ್ದಿ ತೀಡಿ ಕಲಿಯಬಹುದಾದ ಕಸುಬೆಂದು ಪರಿಗಣಿಸಿತು. ಐದರಿಂದ ಏಳು ನಿಮಿಷಗಳ ಸಿದ್ಧಭಾಷಣದಲ್ಲಿ ಹಸಿರು ದೀಪ ಕನಿಷ್ಠ ಅವಧಿ ತುಂಬಿದುದನ್ನೂ, ಹಳದಿ ಮುಕ್ತಾಯ ಸಮೀಪಿಸಿದುದನ್ನೂ, ಕೆಂಪು ಗಡುವು ಮುಗಿದುದನ್ನೂ ಸೂಚಿಸುತ್ತಿರುವಾಗ, ‘ಆ-ಕೌಂಟರ್’, ಅಂದರೆ ಮಾತಿನ ನಡುವೆ ನುಸುಳುವ ‘ಆಂ’, ‘ಅದೂ’ಗಳನ್ನು ಎಣಿಸುವ ಸದಸ್ಯ, ಗುರುತು ಹಾಕಿಕೊಳ್ಳುತ್ತಿರುತ್ತಾನೆ; ಆ ಮುಜುಗರವೂ ಪಾಠವೇ. ಆದರೆ ಈ ಪದ್ಧತಿಯ ನಿಜವಾದ ಸೊಗಸು ಇರುವುದು ಭಾಷಣವನ್ನು ಕೇಳಿ ವಿಮರ್ಶಿಸುವ ಸದಸ್ಯನ ಸರದಿಯಲ್ಲಿ: ಎರಡು-ಮೂರು ನಿಮಿಷಗಳಲ್ಲಿ ಮೆಚ್ಚುಗೆಯನ್ನೂ ತಿದ್ದುಪಡಿಯನ್ನೂ ಎದುರಿನವರ ಮನಸ್ಸು ನೋಯದಂತೆ ಹೇಳಬೇಕಾದುದರಿಂದ, ಗ್ರಾಹಕರೊಡನೆ, ಸಹೋದ್ಯೋಗಿಗಳೊಡನೆ ನಂಟು ಉಳಿಸಿಕೊಂಡು ಮಾತಾಡುವ ಕಲೆ ಭಾಷಣಕ್ಕಿಂತ ಹೆಚ್ಚಾಗಿ ಅಲ್ಲಿಯೇ ಪಳಗುತ್ತದೆ. ವೇದಿಕೆಯ ಧೈರ್ಯವನ್ನು ಬೇರೆ ತರಬೇತಿಗಳೂ ಕೊಡಬಲ್ಲವಾದರೂ, ಕೇಳುವವರಿಗೂ ಹೀಗೆ ಕೆಲಸ ಹಂಚಿಕೊಟ್ಟ ಏರ್ಪಾಡು ಅಪರೂಪ.